ದೂರದ ಬೆಟ್ಟ ನುಣ್ಣಗೆ: ಹಿಮಾಲಯ ಚಾರಣಕ್ಕೆ ಹೊರಡುವ ಮೊದಲು

ರಾಣಿಪುರಂ ಗುಡ್ಡೆಯನ್ನು ಬೆಳಗ್ಗೆ ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವವರು ಕಾಸರಗೋಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸುಬ್ರಹ್ಮಣ್ಯಕ್ಕೆ ಹೋಗಿ ಕುಮಾರ ಪರ್ವತ ಹತ್ತಿದವರಿದ್ದಾರೆ, ವಯನಾಡಿನ ಚೆಂಬ್ರ ನೋಡಿ ಬಂದವರೂ ಇದ್ದಾರೆ. ಇವರಲ್ಲಿ ಹಲವರ ಮುಂದಿನ ಆಸೆ ಹಿಮಾಲಯ. ಮೇ ತಿಂಗಳ ರಜೆಯಲ್ಲಿ ನಾಲ್ಕೈದು ಮಂದಿ ಗೆಳೆಯರು ಸೇರಿ ಮಂಗಳಾ ಲಕ್ಷದ್ವೀಪ್ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ಬುಡಕ್ಕೆ ಹೋಗುವುದು ಈಗ ದೊಡ್ಡ ಸಂಗತಿಯಾಗಿ ಉಳಿದಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಕೆಲಸದಲ್ಲಿರುವ ಯುವಕ ಯುವತಿಯರಂತೂ ಒಂದು ವಾರದ ರಜೆ ಸಿಕ್ಕಿದರೆ ಬೆನ್ನಿಗೆ ಚೀಲ ಏರಿಸಿ ಹೊರಟೇಬಿಡುತ್ತಾರೆ.

ಹೋಗುವುದು ತಪ್ಪಲ್ಲ. ಹಿಮದ ಶಿಖರಗಳ ನಡುವೆ ನಡೆಯುವುದು ಬದುಕಿನಲ್ಲಿ ಒಮ್ಮೆಯಾದರೂ ಪಡೆಯಬೇಕಾದ ಅನುಭವವೇ. ಆದರೆ 'ಕುಮಾರ ಪರ್ವತ ಹತ್ತಿದವನಿಗೆ ಹಿಮಾಲಯ ಯಾವ ಲೆಕ್ಕ' ಎಂಬ ಮಾತು ಮಾತ್ರ ಅಪಾಯಕಾರಿ. ನಮ್ಮ ಬೆಟ್ಟಗಳಲ್ಲಿ ಕಾಲಿನ ಬಲ ಇದ್ದರೆ ಸಾಕು. ಹಿಮಾಲಯದಲ್ಲಿ ಕಾಲಿಗಿಂತ ಹೆಚ್ಚಾಗಿ ಶ್ವಾಸಕೋಶ, ಮಿದುಳು ಮತ್ತು ಕೈಯಲ್ಲಿರುವ ದಿನಗಳು ಲೆಕ್ಕಕ್ಕೆ ಬರುತ್ತವೆ.

ಸಹಸ್ರ ತಾಲ್ ಕಲಿಸಿದ ಪಾಠ

2024ರ ಜೂನ್ ತಿಂಗಳ ದುರಂತವನ್ನು ಕನ್ನಡಿಗರು ಅಷ್ಟು ಬೇಗ ಮರೆಯಲಾರರು. ಉತ್ತರಾಖಂಡದ ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯಲ್ಲಿ, ಸುಮಾರು 4,400 ಮೀಟರ್ ಎತ್ತರದಲ್ಲಿ ಸಹಸ್ರ ತಾಲ್ ಎಂಬ ಸರೋವರಗಳ ತಾಣವಿದೆ. ಅಲ್ಲಿಗೆ ಹೋಗಿದ್ದ 22 ಮಂದಿಯ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು, ಜೊತೆಗೆ ಸ್ಥಳೀಯ ಮಾರ್ಗದರ್ಶಿಗಳಿದ್ದರು. ಜೂನ್ 3ರಂದು ಸರೋವರ ನೋಡಿ ಹಿಂದಿರುಗುವ ದಾರಿಯಲ್ಲಿ ಹಿಮಗಾಳಿ ಬೀಸತೊಡಗಿತು. ಎದುರಿನ ದಾರಿ ಕಾಣದಾಯಿತು. ಬಿಡಾರ ತಲುಪಲಾಗದೆ ತಂಡ ರಾತ್ರಿಯನ್ನು ಬಯಲಿನಲ್ಲೇ ಕಳೆಯಬೇಕಾಯಿತು. ಸುದ್ದಿ ಕೆಳಗೆ ಮುಟ್ಟಿದ್ದು ಮರುದಿನ. ವಾಯುಪಡೆಯ ಹೆಲಿಕಾಪ್ಟರ್‌ಗಳು ಮತ್ತು ಉತ್ತರಾಖಂಡದ ವಿಪತ್ತು ಪರಿಹಾರ ಪಡೆ 13 ಮಂದಿಯನ್ನು ಬದುಕಿಸಿ ತಂದವು. 9 ಮಂದಿ ಮರಳಲಿಲ್ಲ. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡ ಅವರು ಡೆಹ್ರಾಡೂನ್‌ಗೆ ತೆರಳಿ ರಕ್ಷಣಾ ಕಾರ್ಯದ ಉಸ್ತುವಾರಿ ನೋಡಿಕೊಂಡರು.

ಆ ತಂಡದಲ್ಲಿದ್ದವರು ಬೆಟ್ಟ ಕಾಣದವರಲ್ಲ. ಹಿಂದೆ ಹಲವು ಚಾರಣ ಮಾಡಿದವರೂ ಅದರಲ್ಲಿದ್ದರು. ಅನುಭವಸ್ಥರಿಗೂ ಹೀಗಾಗಬಹುದಾದರೆ, ಮೊದಲ ಬಾರಿ ಹೋಗುವವರು ಆ ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯದೆ ಹೊರಡುವುದು ಸರಿಯಲ್ಲ.

ಗಾಳಿ ಅದೇ, ಆದರೆ ತೆಳು

'ಮೇಲೆ ಆಮ್ಲಜನಕ ಇರುವುದಿಲ್ಲ' ಎಂದು ಹೇಳುವುದು ರೂಢಿ. ಇದು ಪೂರ್ತಿ ಸರಿಯಲ್ಲ. ಕಾಸರಗೋಡಿನ ಕಡಲ ತೀರದಲ್ಲಿ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕ. ಹಿಮಾಲಯದ ತುದಿಯಲ್ಲೂ ಅಷ್ಟೇ ಪಾಲು. ವ್ಯತ್ಯಾಸ ಇರುವುದು ಗಾಳಿಯ ಒತ್ತಡದಲ್ಲಿ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ, ಗಾಳಿಯ ಕಣಗಳು ಚದುರಿಕೊಳ್ಳುತ್ತವೆ. ಹಾಗಾಗಿ ಒಂದು ಉಸಿರಿನಲ್ಲಿ ಒಳಹೋಗುವ ಆಮ್ಲಜನಕವೂ ಕಡಿಮೆಯಾಗುತ್ತದೆ.

ಲೆಕ್ಕ ಹೀಗಿದೆ. 1,712 ಮೀಟರ್ ಎತ್ತರದ ಕುಮಾರ ಪರ್ವತದ ತುದಿಯಲ್ಲಿ ಕಡಲ ತೀರದ ಐದರಲ್ಲಿ ನಾಲ್ಕು ಪಾಲಿಗಿಂತ ಸ್ವಲ್ಪ ಹೆಚ್ಚೇ ಒತ್ತಡ ಇರುತ್ತದೆ. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್, ಅಲ್ಲಿ ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ. 4,400 ಮೀಟರಿನಲ್ಲಿ ನೂರಕ್ಕೆ 60ಕ್ಕಿಂತ ಕಡಿಮೆ. 5,500 ಮೀಟರಿನಲ್ಲಿ ಅರ್ಧ. ದಕ್ಷಿಣ ಭಾರತದ ಅತಿ ಎತ್ತರದ ಶಿಖರವಾದ ಇಡುಕ್ಕಿಯ ಆನೆಮುಡಿಯೇ 2,695 ಮೀಟರ್. ಅಂದರೆ ನಮ್ಮ ಕಡೆಯ ಯಾವ ಬೆಟ್ಟ ಹತ್ತಿದರೂ 3,000 ಮೀಟರಿನ ಆಚೆಗಿನ ಗಾಳಿಯ ಪರಿಚಯ ನಮಗೆ ಆಗುವುದೇ ಇಲ್ಲ.

ಅಡುಗೆ ಮಾಡುವವರಿಗೆ ಇದು ಇನ್ನೂ ಸುಲಭವಾಗಿ ಅರ್ಥವಾದೀತು. ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ನಮ್ಮೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಊಟಿಯಲ್ಲಿ 92-93 ಡಿಗ್ರಿಗೇ ಕುದಿಯುತ್ತದೆ. 4,400 ಮೀಟರಿನಲ್ಲಿ 85-86 ಡಿಗ್ರಿಗೆ. ನೀರು ಕೊತಕೊತ ಕುದಿಯುತ್ತಿದ್ದರೂ ಅದರಲ್ಲಿ ಬೇಯಿಸುವಷ್ಟು ಬಿಸಿ ಇಲ್ಲ. ಅಲ್ಲಿ ಪ್ರೆಷರ್ ಕುಕ್ಕರ್ ಇಲ್ಲದೆ ಕುಚ್ಚಿಲಕ್ಕಿ ಗಂಜಿ ಮಾಡಲು ಹೊರಟವರು ಹಸಿದೇ ಮಲಗಬೇಕಾದೀತು.

ದೇಹ ಕೇಳುವುದು ಸಮಯ

ಆಮ್ಲಜನಕ ಕಡಿಮೆಯಾದ ಕೂಡಲೇ ದೇಹ ತನ್ನ ಕೆಲಸ ಶುರು ಮಾಡುತ್ತದೆ. ಉಸಿರಾಟ ಜೋರಾಗುತ್ತದೆ, ಎದೆಬಡಿತ ಹೆಚ್ಚುತ್ತದೆ. ಆದರೆ ಜೋರಾಗಿ ಉಸಿರಾಡಿದರೆ ದೇಹದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು ಉಸಿರಾಟವನ್ನು ತಡೆಹಿಡಿಯುತ್ತದೆ. ಮೊದಲ ರಾತ್ರಿಗಳಲ್ಲಿ ನಿದ್ದೆಯ ನಡುವೆ ಉಸಿರು ಕೆಲ ಕ್ಷಣ ನಿಂತಂತಾಗಿ ಬೆಚ್ಚಿ ಏಳುವುದು ಇದೇ ಕಾರಣಕ್ಕೆ. ಈ ಕ್ಷಾರವನ್ನು ಮೂತ್ರಪಿಂಡಗಳು ಮೂತ್ರದ ಮೂಲಕ ಹೊರಹಾಕಿ ಸಮತೋಲನ ತರಬೇಕು. ಅದಕ್ಕೆ ಕೆಲ ದಿನಗಳೇ ಬೇಕು. ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಾಗಲು ವಾರಗಳೇ ಬೇಕು.

ಈ ಹೊಂದಾಣಿಕೆಯನ್ನು ಅವಸರಪಡಿಸಲು ಸಾಧ್ಯವಿಲ್ಲ. ದಿನಾ ಓಡುವವರು, ಜಿಮ್ಮಿಗೆ ಹೋಗುವವರು, ವಾಲಿಬಾಲ್ ಆಡುವವರು ಎಲ್ಲರ ದೇಹಕ್ಕೂ ಸಮಯ ಬೇಕೇ ಬೇಕು. ಗಟ್ಟಿಮುಟ್ಟಾದ ಯುವಕರೇ ಒಮ್ಮೊಮ್ಮೆ ಮೊದಲು ಕಾಯಿಲೆ ಬೀಳುವುದುಂಟು. ಕಾಲು ಗಟ್ಟಿ ಇದೆ ಎಂದು ಬೇಗ ಬೇಗ ಮೇಲೇರಿ ದೇಹಕ್ಕೆ ಸಮಯ ಕೊಡದಿರುವುದೇ ಇದಕ್ಕೆ ಕಾರಣ.

ಪರ್ವತ ವೈದ್ಯರು ಒಪ್ಪಿರುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ, ಒಂದು ರಾತ್ರಿ ಮಲಗುವ ಜಾಗಕ್ಕಿಂತ ಮರುದಿನ ರಾತ್ರಿ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಿನಲ್ಲಿ ಇನ್ನಷ್ಟು ಮೇಲೆ ಹತ್ತಿ, ಮಲಗಲು ಕೆಳಗೆ ಬರುವುದು ಒಳ್ಳೆಯದು. ನೇಪಾಳದಲ್ಲಿ ಎವರೆಸ್ಟ್ ತಳ ಶಿಬಿರಕ್ಕೆ ನಡೆಯುವವರು 3,440 ಮೀಟರಿನ ನಾಮ್ಚೆಯಲ್ಲಿ ಒಂದು ದಿನ, 4,410 ಮೀಟರಿನ ದಿಂಗ್‌ಬೋಚೆಯಲ್ಲಿ ಇನ್ನೊಂದು ದಿನ ಹೆಚ್ಚಿಗೆ ಉಳಿಯುವುದು ಇದೇ ನಿಯಮದಂತೆ.

ಸೇನೆ ಕಲಿತದ್ದು

ಈ ತಿಳಿವಳಿಕೆಯಲ್ಲಿ ಭಾರತೀಯ ಸೈನಿಕರ ಪಾಲು ದೊಡ್ಡದು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲು ನಾಡಿನ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯದ ಎತ್ತರಗಳಿಗೆ ಕಳುಹಿಸಬೇಕಾಯಿತು. ಹಲವರು ಶತ್ರುವಿನ ಗುಂಡು ತಗಲುವ ಮೊದಲೇ ಕಾಯಿಲೆ ಬಿದ್ದರು. ಸೇನೆಯ ವೈದ್ಯರು 1,925 ಸೈನಿಕರಲ್ಲಿ ಕಂಡ ಎತ್ತರದ ಕಾಯಿಲೆಯನ್ನು ಅಧ್ಯಯನ ಮಾಡಿ 1969ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ಪರ್ವತ ವೈದ್ಯರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ಸೇನೆ ಪಾಲಿಸುವ ಕ್ರಮದಲ್ಲಿ 9,000ದಿಂದ 12,000 ಅಡಿ ಎತ್ತರಕ್ಕೆ ಹೋಗುವ ಸೈನಿಕ 6 ದಿನ ಹೊಂದಿಕೊಳ್ಳಬೇಕು. 15,000 ಅಡಿಯವರೆಗೆ ಇನ್ನೂ 4 ದಿನ, ಅದರಿಂದ ಮೇಲೆ ಮತ್ತೆ 4 ದಿನ. ಒಟ್ಟು ಎರಡು ವಾರ. ತರಬೇತಾದ ಸೈನಿಕನಿಗೇ ಎರಡು ವಾರ ಬೇಕೆಂದು ಸೇನೆ ಹೇಳುವಾಗ, ಕಚೇರಿಯ ಕುರ್ಚಿಯಿಂದ ಎದ್ದು ಹೋದವರು ಆರೇ ದಿನದಲ್ಲಿ 14,000 ಅಡಿ ಹತ್ತಿ ಇಳಿಯುವ ಚಾರಣದಲ್ಲಿ ತಮ್ಮ ದೇಹದ ಮಾತನ್ನು ಎಷ್ಟು ಎಚ್ಚರದಿಂದ ಕೇಳಬೇಕು ಎಂಬುದನ್ನು ಊಹಿಸಬಹುದು.

ಕಾಯಿಲೆಯನ್ನು ಗುರುತಿಸುವುದು ಹೇಗೆ?

ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳಬಹುದು. ತಲುಪಿದ ಕೂಡಲೇ ಅಲ್ಲ, ಆರರಿಂದ ಹನ್ನೆರಡು ಗಂಟೆಯ ಬಳಿಕ. ತಲೆನೋವು ಮೊದಲ ಲಕ್ಷಣ. ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆ ಸುತ್ತು, ವಿಪರೀತ ಸುಸ್ತು. ಹೊಟ್ಟೆ ಕೆಟ್ಟಿರಬೇಕು, ಬಸ್ಸಿನ ಪ್ರಯಾಣದ ಆಯಾಸ ಇರಬೇಕು ಎಂದು ತೇಲಿಸಿಬಿಡುವುದು ನಮ್ಮವರ ಅಭ್ಯಾಸ. ಮೇಲೆ ಇರುವಾಗ ಬಂದ ತಲೆನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಆ ದಿನ ಮೇಲೆ ಹತ್ತಬಾರದು. ಅಲ್ಲೇ ವಿಶ್ರಾಂತಿ ಪಡೆದು, ನೀರು ಕುಡಿದು ನೋಡಬೇಕು. ಒಂದೆರಡು ದಿನದಲ್ಲಿ ಹೆಚ್ಚಿನವರಿಗೆ ಗುಣವಾಗುತ್ತದೆ. ಹೆಚ್ಚಾದರೆ ಕೆಳಗಿಳಿಯಬೇಕು.

ಲಕ್ಷಣ ಮುಚ್ಚಿಟ್ಟು ಮುಂದೆ ಹೋದರೆ ಎರಡು ದೊಡ್ಡ ಅಪಾಯಗಳಿವೆ. ಒಂದು, ಮಿದುಳಿನಲ್ಲಿ ಬಾವು. ಮಾತು ತೊದಲುತ್ತದೆ, ಹೇಳಿದ್ದು ಅರ್ಥವಾಗುವುದಿಲ್ಲ, ಕುಡಿದವರಂತೆ ನಡಿಗೆ ತೂರಾಡುತ್ತದೆ. ಇದನ್ನು ಪರೀಕ್ಷಿಸಲು ಉಪಕರಣ ಬೇಡ. ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ನಡೆಯಲು ಹೇಳಬೇಕು. ನಡೆಯಲಾಗದಿದ್ದರೆ ಬೆಳಗಾಗುವುದನ್ನು ಕಾಯದೆ ಕೆಳಗಿಳಿಸಬೇಕು.

ಎರಡನೆಯದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಮುಂದುವರಿದರೆ ನಸುಗೆಂಪು ನೊರೆಯ ಕಫ. ಎರಡಕ್ಕೂ ಮುಖ್ಯ ಮದ್ದು ಒಂದೇ, ಕೆಳಗಿಳಿಯುವುದು. 300ರಿಂದ 1,000 ಮೀಟರ್ ಇಳಿದರೆ ಹಲವರಲ್ಲಿ ಚೇತರಿಕೆ ಕಾಣುತ್ತದೆ. ಆಮ್ಲಜನಕದ ಸಿಲಿಂಡರ್, ಔಷಧಿ ಇದ್ದರೆ ಕೊಡಬೇಕು. ಆದರೆ ಅವು ಇಳಿಯುವುದಕ್ಕೆ ಬದಲಿಯಲ್ಲ. ರೋಗಿಯನ್ನು ಒಂಟಿಯಾಗಿ ಎಂದೂ ಕೆಳಗೆ ಕಳುಹಿಸಬಾರದು.

ಡಯಾಮಾಕ್ಸ್ ಎಂಬ ಮಾತ್ರೆಯ ಹೆಸರು ಚಾರಣಿಗರ ಬಾಯಲ್ಲಿ ಸಾಮಾನ್ಯ. ಮೂತ್ರಪಿಂಡ ಕ್ಷಾರವನ್ನು ಬೇಗ ಹೊರಹಾಕುವಂತೆ ಅದು ನೆರವಾಗುತ್ತದೆ. ಆದರೆ ಎಲ್ಲರಿಗೂ ಹಿಡಿಸುವುದಿಲ್ಲ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ಮುಖ್ಯವಾಗಿ ಎಚ್ಚರ ವಹಿಸಬೇಕು. ಊರಿನಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕೇ ಹೊರತು ಗೆಳೆಯ ಕೊಟ್ಟ ಎಂದು ನುಂಗಬಾರದು.

ವಯನಾಡಿನ ಕೆಲವು ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆ ಇರುವವರಿಗೆ ಎತ್ತರದ ತೆಳು ಗಾಳಿ ತೀವ್ರ ತೊಂದರೆ ತರಬಲ್ಲದು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಹೊರಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಕೂಡಾ ವೈದ್ಯರನ್ನು ಕೇಳದೆ ಹೊರಡಬಾರದು.

ಚಳಿ, ಒದ್ದೆ, ಗಾಳಿ

ಎತ್ತರದ ಎರಡನೆಯ ಶತ್ರು ಚಳಿ. ಪ್ರತಿ 1,000 ಮೀಟರ್ ಏರಿದಾಗ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕಡಲ ಮಟ್ಟದಲ್ಲಿ 30 ಡಿಗ್ರಿ ಎಂದು ಹಿಡಿದರೆ ಬರೇ ಎತ್ತರದ ಲೆಕ್ಕದಲ್ಲೇ 4,400 ಮೀಟರಿಗೆ ಸೊನ್ನೆಯ ಹತ್ತಿರ ಬಂದಾಯಿತು. ಗಾಳಿ ಸೇರಿದರೆ ಇನ್ನೂ ಕಷ್ಟ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಮೈನಸ್ 8 ಡಿಗ್ರಿಯಷ್ಟು ಚಳಿ ತಟ್ಟುತ್ತದೆ.

ಮನುಷ್ಯನ ದೇಹದ ಒಳಗಿನ ಬಿಸಿ 37 ಡಿಗ್ರಿಯ ಆಸುಪಾಸು ಇರಬೇಕು. 35ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೆ ಅಪಾಯ. ಮೊದಲು ಮೈ ನಡುಗುತ್ತದೆ. ಬಳಿಕ ಕೈಬೆರಳು ಮಾತು ಕೇಳುವುದಿಲ್ಲ, ಜಿಪ್ ಹಾಕಲೂ ಆಗುವುದಿಲ್ಲ. ಮಾತು ತಡವರಿಸುತ್ತದೆ, ಕಾಲು ಎಡವುತ್ತದೆ. ಆಮೇಲೆ ನಡುಕ ನಿಂತೇ ಹೋಗುತ್ತದೆ. ಚಳಿ ಬಿಟ್ಟಿತು ಎಂದು ಸಮಾಧಾನ ಪಡುವ ಸ್ಥಿತಿ ಅದಲ್ಲ. ನಡುಗುವ ಶಕ್ತಿಯೂ ದೇಹದಲ್ಲಿ ಉಳಿದಿಲ್ಲ ಎಂದರ್ಥ.

ಹೀಗಾದವರನ್ನು ಗಾಳಿಯ ಮರೆಗೆ ತರಬೇಕು. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಬೇಕು. ನೆಲದ ಚಳಿ ತಾಗದಂತೆ ಕೆಳಗೆ ಚಾಪೆಯನ್ನೋ ಚೀಲಗಳನ್ನೋ ಹಾಸಿ, ಮಲಗುವ ಚೀಲದಲ್ಲಿ ಸುತ್ತಬೇಕು. ಪ್ರಜ್ಞೆ ಇದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕುಡಿಸಬೇಕು. ಕೈಕಾಲು ತಿಕ್ಕಬಾರದು. ಬ್ರಾಂದಿ ಕೊಟ್ಟರೆ ಮೈ ಬಿಸಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ಬೆನ್ನ ಚೀಲದಲ್ಲಿ ಏನಿರಬೇಕು?

ನಮ್ಮ ಕಡೆಯವರಿಗೆ ಹತ್ತಿ ಬಟ್ಟೆಯೇ ಹಿತ. ಬೈರಾಸು, ಬನಿಯನ್, ಜೀನ್ಸ್ ಎಲ್ಲವೂ ಹತ್ತಿಯವೇ. ಆದರೆ ಹತ್ತಿ ಬೆವರನ್ನು ಹೀರಿ ಬೇಗ ಒಣಗದೆ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬೆಟ್ಟದಲ್ಲಿ ಮೂರು ಪದರದ ಉಡುಪು ಬೇಕು. ಮೈಗೆ ತಾಗುವಂತೆ ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆಯ ಬನಿಯನ್, ಅದರ ಮೇಲೆ ಬೆಚ್ಚಗಿನ ಸ್ವೆಟರ್ ಅಥವಾ ಜಾಕೆಟ್, ಎಲ್ಲಕ್ಕೂ ಮೇಲೆ ಮಳೆ ಗಾಳಿ ತಡೆಯುವ ಹೊದಿಕೆ. ಹತ್ತುವಾಗ ಒಂದು ಪದರ ತೆಗೆದು ಬೆವರದಂತೆ ನೋಡಿಕೊಳ್ಳಬೇಕು, ನಿಂತ ಕೂಡಲೇ ಹಾಕಿಕೊಳ್ಳಬೇಕು. ಮಲಗುವಾಗ ತೊಡಲು ಒಂದು ಜೊತೆ ಒಣ ಬಟ್ಟೆ, ಕಾಲುಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟು ಹಗಲಿನಲ್ಲಿ ಮುಟ್ಟದಿರುವುದು ಲೇಸು.

ಟೋಪಿ, ಕೈಗವಸು, ಟಾರ್ಚ್, ವಿಸಿಲ್, ಹಿಮದ ಮೇಲಿನ ಬಿಸಿಲಿನಿಂದ ಕಣ್ಣು ಕಾಯುವ ಕಪ್ಪು ಕನ್ನಡಕ, ಎರಡು ಲೀಟರ್ ನೀರಿನ ಬಾಟಲಿ, ಕಡಲೆ, ಬೆಲ್ಲ, ಒಣಹಣ್ಣು ಚೀಲದಲ್ಲಿರಲಿ. ಶೂ ಹೊಸದಾಗಿದ್ದರೆ ಊರಿನಲ್ಲೇ ಒಂದು ತಿಂಗಳು ಹಾಕಿ ನಡೆದು ಪಳಗಿಸಬೇಕು. ಹೊಸ ಶೂ ಹಾಕಿ ಹೊರಟವರ ಕಾಲು ಎರಡನೇ ದಿನಕ್ಕೇ ಬೊಕ್ಕೆ ಏಳುತ್ತದೆ. ಗುಡ್ಡೆ ಹತ್ತುವ ಅಭ್ಯಾಸವನ್ನು ಎರಡು ತಿಂಗಳ ಮೊದಲೇ, ಬೆನ್ನಿಗೆ ಹೊರೆ ಹಾಕಿಕೊಂಡೇ ಶುರು ಮಾಡುವುದು ಒಳ್ಳೆಯದು. ಇದರಿಂದ ಎತ್ತರದ ಕಾಯಿಲೆ ತಪ್ಪದು ನಿಜ. ಆದರೆ ಕಾಲು ಸೋಲದಿದ್ದರೆ ಕತ್ತಲಾಗುವ ಮೊದಲು ಬಿಡಾರ ಸೇರಬಹುದು.

ನಡಿಗೆಯ ವೇಗಕ್ಕೆ ಸುಲಭದ ಅಳತೆಯಿದೆ. ಪಕ್ಕದವರೊಡನೆ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತಾಡಲು ಬಂದರೆ ವೇಗ ಸರಿ ಇದೆ. ಬಾರದಿದ್ದರೆ ಜಾಸ್ತಿಯಾಯಿತು.

ಹಣ ಕಟ್ಟುವ ಮೊದಲು ಕೇಳಿ

ಚಾರಣ ಏರ್ಪಡಿಸುವವರಲ್ಲಿ ಊಟ, ಟೆಂಟು, ಫೋಟೋಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಎಷ್ಟು? ಹೊಂದಾಣಿಕೆಗೆಂದು ವಿಶ್ರಾಂತಿಯ ದಿನ ಇದೆಯೇ? ಹವೆ ಕೆಟ್ಟರೆ ಕಾಯಲು ಒಂದು ದಿನ ಹೆಚ್ಚಿಗೆ ಇಟ್ಟಿದ್ದಾರೆಯೇ? ಆಮ್ಲಜನಕದ ಸಿಲಿಂಡರ್, ಸ್ಟ್ರೆಚರ್ ತಂಡದ ಜೊತೆಗೇ ಬರುತ್ತವೆಯೇ, ಕೆಳಗಿನ ಬಿಡಾರದಲ್ಲಿ ಇರುತ್ತವೆಯೇ? ಎಷ್ಟು ಗಂಟೆಗೆ, ತುದಿ ಮುಟ್ಟಿರಲಿ ಬಿಡಲಿ, ಹಿಂದೆ ತಿರುಗುತ್ತಾರೆ? ಅರಣ್ಯ ಇಲಾಖೆಯ ಅನುಮತಿ ಇದೆಯೇ? ಇವನ್ನು ಕೇಳುವವರು ಕಡಿಮೆ. ಇವಕ್ಕೆ ನೇರ ಉತ್ತರ ಕೊಡದವರ ಜೊತೆ ಹೋಗದಿರುವುದೇ ಮೇಲು.

ಬೆಟ್ಟದಲ್ಲಿ ಹಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಉಪಗ್ರಹ ಫೋನನ್ನು ಭಾರತದಲ್ಲಿ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಹಾಗಾಗಿ ಯಾವ ದಾರಿ, ಯಾವ ದಿನ ಎಲ್ಲಿ, ಎಂದು ಹಿಂದಿರುಗುವುದು ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಬೇಕು. ಶಾಸ್ತ್ರೀಯವಾಗಿ ಕಲಿಯುವ ಆಸಕ್ತಿ ಇರುವವರಿಗೆ 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ, 1965ರಲ್ಲಿ ಉತ್ತರಕಾಶಿಯಲ್ಲಿ ಸ್ಥಾಪನೆಯಾದ ಪರ್ವತಾರೋಹಣ ತರಬೇತಿ ಸಂಸ್ಥೆಗಳಿವೆ.

ತೀರ್ಥಯಾತ್ರೆಗೂ ಇದೇ ಮಾತು

ಇದೆಲ್ಲ ಚೀಲ ಹೊರುವ ಯುವಕರಿಗೆ ಮಾತ್ರ ಎಂದು ಹಿರಿಯರು ತಿಳಿಯಬೇಕಾಗಿಲ್ಲ. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ಸುಮಾರು 1,980 ಮೀಟರಿನ ಗೌರಿಕುಂಡದಿಂದ ಒಂದೇ ದಿನದಲ್ಲಿ ಅಲ್ಲಿಗೆ ಏರುವವರು, ಕಣಿವೆಯಿಂದ ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ತಲುಪುವವರು ಇಬ್ಬರ ದೇಹಕ್ಕೂ ಹೊಂದಿಕೊಳ್ಳಲು ಸಮಯ ಸಿಕ್ಕಿರುವುದಿಲ್ಲ. ಅಮರನಾಥ 3,888 ಮೀಟರ್. ಲೇಹ್‌ಗೆ ವಿಮಾನದಲ್ಲಿ ಇಳಿದವರು ಕನಿಷ್ಠ ಎರಡು ದಿನ ಎಲ್ಲೂ ಹೋಗದೆ ವಿಶ್ರಾಂತಿ ಪಡೆಯಬೇಕು. ಯಾತ್ರೆಗೆ ಹೋಗುವ ಅಪ್ಪ ಅಮ್ಮನ ಟಿಕೆಟ್ ಕಾಯ್ದಿರಿಸುವ ಮಕ್ಕಳು ಒಂದೆರಡು ದಿನ ಹೆಚ್ಚಿಗೆ ಸೇರಿಸಿದರೆ ಅದೇ ದೊಡ್ಡ ಉಪಕಾರ.

ಹಿಂದೆ ತಿರುಗುವುದು ಸೋಲಲ್ಲ

ಇಷ್ಟು ದೂರ ಬಂದು, ಇಷ್ಟು ಹಣ ಕೊಟ್ಟು, ತುದಿ ಕಾಣದೆ ಹೇಗೆ ಹೋಗುವುದು? ತನ್ನಿಂದಾಗಿ ಉಳಿದವರ ಚಾರಣ ಕೆಡಬಾರದಲ್ಲ? ಈ ಎರಡು ಯೋಚನೆಗಳೇ ಹಲವರನ್ನು ಲಕ್ಷಣ ಮುಚ್ಚಿಡುವಂತೆ ಮಾಡುತ್ತವೆ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದ ಮೋಡ ಕಟ್ಟುವ ಮೊದಲು ಬಿಡಾರ ಸೇರುವುದು, ಹವೆ ಕೆಟ್ಟ ದಿನ ಹೊರಡದಿರುವುದು, ಮೈ ಸರಿ ಇಲ್ಲದಿದ್ದರೆ ಹೇಳಿ ಇಳಿಯುವುದು, ಬೆಟ್ಟ ಬಲ್ಲವರ ಬುದ್ಧಿವಂತಿಕೆ ಇಷ್ಟೇ. ನಿಧಾನವೇ ಪ್ರಧಾನ ಎಂಬ ಗಾದೆಗೆ ಅಲ್ಲಿ ಪ್ರಾಣದ ಬೆಲೆ ಇದೆ.

ಕಾಸರಗೋಡಿನವರಿಗೆ ಕನ್ನಡ, ಮಲಯಾಳ, ತುಳು ಎಲ್ಲವೂ ಬರುತ್ತವೆ. ಆದರೆ ಗಢವಾಲದ ಮಾರ್ಗದರ್ಶಿಗೆ ಇವು ಯಾವುವೂ ಅರ್ಥವಾಗವು. ಹಿಂದಿ ಬಾರದವರೂ ಹೊರಡುವ ಮೊದಲು ಒಂದು ಮಾತು ಕಲಿತಿರಲಿ: 'ಸಿರ್ ಮೇ ದರ್ದ್ ಹೈ, ನೀಚೇ ಜಾನಾ ಹೈ.' ತಲೆ ನೋಯುತ್ತಿದೆ, ಕೆಳಗೆ ಹೋಗಬೇಕು. ಅದನ್ನು ನಾಚಿಕೆ ಬಿಟ್ಟು, ಹೊತ್ತು ಮೀರುವ ಮೊದಲು ಹೇಳಿದರೆ ಸಾಕು.